ನಿವೃತ್ತಿಯ ದಿನ ಮೊದಲೇ ಗೊತ್ತಿದ್ದೂ ಮುಂದಿನವರನ್ನು ಸಿದ್ಧಪಡಿಸದಿರುವುದೇಕೆ?

ಮಾನ್ಯ ಸಂಪಾದಕರೇ,

ಸರ್ಕಾರಿ ನೌಕರನೊಬ್ಬ ಯಾವ ದಿನ ನಿವೃತ್ತನಾಗುತ್ತಾನೆ ಎಂಬುದು ಅವನು ಸೇವೆಗೆ ಸೇರಿದ ದಿನವೇ ನಿರ್ಧಾರವಾಗಿರುತ್ತದೆ. ಸೇವಾ ಪುಸ್ತಕದಲ್ಲಿ ಜನ್ಮದಿನಾಂಕ ಬರೆದ ಕೂಡಲೇ, ಅರವತ್ತು ತುಂಬುವ ತಿಂಗಳ ಕೊನೆಯ ದಿನದ ಅಪರಾಹ್ನ ಅವನು ಕುರ್ಚಿ ಬಿಟ್ಟು ಏಳಬೇಕೆಂಬುದು ಖಚಿತವಾಗುತ್ತದೆ. ತಿಂಗಳ ಒಂದನೆಯ ತಾರೀಖು ಹುಟ್ಟಿದವರಾದರೆ ಹಿಂದಿನ ತಿಂಗಳ ಕೊನೆಯ ದಿನವೇ ಏಳಬೇಕು. ನಮ್ಮ ತಲೆಮಾರಿನ ಹಳ್ಳಿಗರಲ್ಲಿ ಅನೇಕರಿಗೆ ಶಾಲೆಗೆ ಸೇರಿಸಿಕೊಂಡ ಮೇಷ್ಟ್ರು ಅಂದಾಜಿನಿಂದ ಬರೆದ ಜೂನ್ 1ನೆಯ ತಾರೀಖೇ ಜನ್ಮದಿನವಾದ್ದರಿಂದ, ಮೇ 31ರಂದು ಹಲವು ಕಚೇರಿಗಳಲ್ಲಿ ಒಟ್ಟೊಟ್ಟಿಗೆ ಬೀಳ್ಕೊಡುಗೆಗಳು ನಡೆಯುತ್ತವೆ. ಇಷ್ಟು ಮುಂಚಿತವಾಗಿ, ಇಷ್ಟು ನಿಖರವಾಗಿ ಗೊತ್ತಿರುವ ಒಂದು ದಿನಕ್ಕೆ ನಮ್ಮ ಆಡಳಿತ ಸಿದ್ಧವಾಗಿರುವುದಿಲ್ಲ. ಹೋಗುವವನ ಕೆಲಸವನ್ನು ಕಲಿತುಕೊಂಡು ನಿಲ್ಲಬೇಕಾದವನು ಆ ದಿನ ಅಲ್ಲಿ ಇರುವುದೇ ಇಲ್ಲ. ಈ ಲೋಪದ ಕಡೆಗೆ ಸರ್ಕಾರದ ಮತ್ತು ಓದುಗರ ಗಮನ ಸೆಳೆಯಲು ಈ ಪತ್ರ ಬರೆಯುತ್ತಿದ್ದೇನೆ.

ನಾನು ಭೂಮಾಪನ ಇಲಾಖೆಯಲ್ಲಿ ಭೂಮಾಪಕನಾಗಿ ಸೇರಿ, ಪರ್ಯವೇಕ್ಷಕನಾಗಿ ವಯೋನಿವೃತ್ತಿ ಹೊಂದಿದವನು. ಬೇರೆ ಇಲಾಖೆಗಳಲ್ಲಿಯೂ ಇದೇ ಪರಿಸ್ಥಿತಿ ಇದೆಯೆಂದು ಸ್ನೇಹಿತರಿಂದ ಕೇಳಿದ್ದೇನೆ. ಆದರೆ ನಾನು ಹೊಣೆಯಿಂದ ಹೇಳಬಲ್ಲದ್ದು ನನ್ನ ಇಲಾಖೆಯ ಬಗ್ಗೆ ಮಾತ್ರ. ಅಲ್ಲಿ ಅನುಭವವುಳ್ಳ ಒಬ್ಬ ನೌಕರ ಏನನ್ನೂ ಹೇಳಿಕೊಡದೆ ಮನೆಗೆ ಹೋದರೆ ಅದರ ನಷ್ಟ ಬೀಳುವುದು ಕಚೇರಿಯ ಮೇಲಲ್ಲ, ಎರಡು ಎಕರೆ ಹೊಲದ ಬದುವಿಗಾಗಿ ಅಣ್ಣತಮ್ಮಂದಿರೊಡನೆ ಕೋರ್ಟು ಹತ್ತಬೇಕಾದ ರೈತನ ಮೇಲೆ.

ನಿವೃತ್ತಿಯ ದಿನ ಪ್ರಭಾರ ಹಸ್ತಾಂತರವೆಂಬ ಕ್ರಮ ನಡೆಯುತ್ತದೆ. ಬೀರುವಿನ ಬೀಗದ ಕೈ, ಬಾಕಿ ಕಡತಗಳ ಪಟ್ಟಿ, ಅಳತೆಯ ಉಪಕರಣ, ರಿಜಿಸ್ಟರುಗಳು, ಸರ್ಕಾರ ಕೊಟ್ಟ ಲ್ಯಾಪ್‌ಟಾಪ್ ಇದ್ದರೆ ಅದು, ಎಲ್ಲವನ್ನೂ ಒಂದು ಪಟ್ಟಿಯಲ್ಲಿ ಬರೆದು, ಕೊಟ್ಟವರು ಮತ್ತು ಪಡೆದವರು ಸಹಿ ಮಾಡುತ್ತಾರೆ. ಪಡೆದವರು ಎಂದರೆ ಸಾಮಾನ್ಯವಾಗಿ ಆ ಹುದ್ದೆಗೆ ಬಂದವರಲ್ಲ. ತಮ್ಮದೇ ಕೆಲಸದ ಹೊರೆ ಹೊತ್ತು ಪಕ್ಕದ ಮೇಜಿನಲ್ಲಿ ಕೂತಿರುವ ಸಹೋದ್ಯೋಗಿಗೆ ಹೆಚ್ಚುವರಿ ಪ್ರಭಾರ ವಹಿಸಿರುತ್ತಾರೆ. ಅವರು ಪಟ್ಟಿಗೆ ಸಹಿ ಹಾಕಿ ಬೀಗದ ಕೈಯನ್ನು ಡ್ರಾಯರಿನಲ್ಲಿಟ್ಟರೆ ಮುಗಿಯಿತು. ಮೂರು ಗಂಟೆಗೆ ಹಾರ, ಶಾಲು, ಮೈಸೂರು ಪೇಟ, ಫಲತಾಂಬೂಲ, ಸಹೋದ್ಯೋಗಿಗಳ ನಾಲ್ಕು ಒಳ್ಳೆಯ ಮಾತು. ಆ ಪ್ರೀತಿಯನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ನನಗೂ ಆ ದಿನ ಕಣ್ಣು ತುಂಬಿ ಬಂದಿತ್ತು. ಆದರೆ ಇಡೀ ದಿನದಲ್ಲಿ ಕೆಲಸದ ಬಗ್ಗೆ, ಯಾವ ಊರಿನಲ್ಲಿ ಏನು ತೊಡಕಿದೆ, ಯಾವ ದಾಖಲೆಯನ್ನು ಹೇಗೆ ಓದಬೇಕು ಎಂಬುದರ ಬಗ್ಗೆ ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಕೇಳಬೇಕಾದವರನ್ನು ಇನ್ನೂ ನೇಮಿಸಿಯೇ ಇರಲಿಲ್ಲ.

ಭೂಮಾಪಕನ ಕೆಲಸದಲ್ಲಿ ಹೇಳಿಕೊಡಬೇಕಾದದ್ದು ಅಷ್ಟೇನಿದೆ ಎಂದು ಕೆಲವರು ಕೇಳಬಹುದು. ಸ್ವಲ್ಪ ವಿವರವಾಗಿ ಹೇಳಲು ಅವಕಾಶ ಕೊಡಬೇಕು, ಏಕೆಂದರೆ ನನ್ನ ಮಾತಿನ ಆಧಾರವೆಲ್ಲ ಇಲ್ಲಿದೆ. ಹಳೆಯ ಮೈಸೂರು ಸೀಮೆಯಲ್ಲಿ ಕ್ರಮಬದ್ಧ ಸರ್ವೆ ಆರಂಭವಾದದ್ದು 1863ರ ಸುಮಾರಿಗೆ, ಮುಂಬಯಿ ಪ್ರಾಂತದ ಪದ್ಧತಿಯನ್ನು ಅನುಸರಿಸಿ. ಅಂದು ಅಳೆದವರು ಪ್ರತಿ ಸರ್ವೆ ನಂಬರಿಗೂ ಒಂದೊಂದು ಟಿಪ್ಪಣಿ ಬರೆದರು. ಟಿಪ್ಪಣಿ ಎಂದರೆ ಪ್ರಮಾಣಕ್ಕೆ ತಕ್ಕಂತೆ ಬರೆದ ನಕ್ಷೆಯಲ್ಲ, ಕೈಯಲ್ಲಿ ಬರೆದ ರೇಖಾಚಿತ್ರ. ಜಮೀನಿನ ನಡುವೆ ಒಂದು ಆಧಾರ ರೇಖೆ ಹಾಕಿಕೊಂಡು, ಅದರಿಂದ ಎಡಕ್ಕೆ ಬಲಕ್ಕೆ ಲಂಬವಾಗಿ ಒಂದೊಂದು ಮೂಲೆಗೂ ಎಷ್ಟು ದೂರ ಎಂದು ಅಂಕಿಗಳನ್ನು ಬರೆದಿರುತ್ತಾರೆ. ಚಿತ್ರದಲ್ಲಿ ಉದ್ದವಾಗಿ ಕಾಣುವ ಬದು ನೆಲದ ಮೇಲೆ ಚಿಕ್ಕದಿರಬಹುದು. ಕಣ್ಣಿಗೆ ಕಾಣುವ ಆಕಾರವನ್ನು ನಂಬದೆ ಅಂಕಿಯನ್ನು ನಂಬಬೇಕು. ಆ ಅಂಕಿಗಳು ಅಡಿಯಲ್ಲೂ ಇಲ್ಲ, ಮೀಟರಿನಲ್ಲೂ ಇಲ್ಲ. 33 ಅಡಿಯ ಸರಪಳಿ, ಅದನ್ನು 16 ಭಾಗ ಮಾಡಿದ ಆಣೆ, ಇವೇ ಅಳತೆ. ಒಂದು ಸರಪಳಿ ಉದ್ದ ಒಂದು ಸರಪಳಿ ಅಗಲ ಇದ್ದರೆ 1,089 ಚದರಡಿ, ಅಂದರೆ ಒಂದು ಗುಂಟೆ. ಅಂಥ 40 ಗುಂಟೆ ಸೇರಿದರೆ ಒಂದು ಎಕರೆ.

ಈಗ ಟಿಪ್ಪಣಿಯಲ್ಲಿ ಏಳು ಎಂದು ಬರೆದು ಪಕ್ಕದಲ್ಲಿ ನಾಲ್ಕು ಎಂದು ಬರೆದಿದ್ದರೆ, ಅದು ಏಳು ಸರಪಳಿ ನಾಲ್ಕು ಆಣೆ, ಅಂದರೆ 239 ಅಡಿ 3 ಅಂಗುಲ. ಹೇಳಿಕೊಡುವವರಿಲ್ಲದ ಹುಡುಗನೊಬ್ಬ ಅದನ್ನು ಶಾಲೆಯಲ್ಲಿ ಕಲಿತ ದಶಮಾಂಶದಂತೆ ಏಳು ಬಿಂದು ನಾಲ್ಕು ಸರಪಳಿ ಎಂದು ಓದಿದರೆ 244 ಅಡಿಗೂ ಹೆಚ್ಚಾಗುತ್ತದೆ. ವ್ಯತ್ಯಾಸ ಐದು ಅಡಿಯ ಸಮೀಪ. ಅಷ್ಟೇ ಉದ್ದದ ಬದುವಿನ ಗುಂಟ ಐದು ಅಡಿ ಸರಿದರೆ ಒಂದು ಗುಂಟೆಗಿಂತ ಹೆಚ್ಚು ಜಮೀನು ಒಬ್ಬರಿಂದ ಇನ್ನೊಬ್ಬರಿಗೆ ಹೋಗುತ್ತದೆ. ರಸ್ತೆ ಪಕ್ಕದ ಒಂದು ಗುಂಟೆಯ ಬೆಲೆ ಇಂದು ಎಷ್ಟೆಂಬುದನ್ನು ಓದುಗರಿಗೆ ನಾನು ಹೇಳಬೇಕಾಗಿಲ್ಲ.

ಇದು ಹಳೆಯ ಮೈಸೂರು ಭಾಗದ ಮಾತಾಯಿತು. ಮುಂಬಯಿ ಕರ್ನಾಟಕದ ಜಿಲ್ಲೆಗಳ ಹಳೆಯ ದಾಖಲೆಗಳಲ್ಲಿ ಮರಾಠಿ ಮೋಡಿ ಲಿಪಿ ಬರುತ್ತದೆ. ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಜಿಲ್ಲೆಗಳಲ್ಲಿ ಉರ್ದು ದಾಖಲೆಗಳಿವೆ. ಮದ್ರಾಸ್ ಪ್ರಾಂತದಲ್ಲಿದ್ದ ದಕ್ಷಿಣ ಕನ್ನಡದಲ್ಲಿ ಲೆಕ್ಕವೇ ಬೇರೆ, ಗುಂಟೆಯ ಜಾಗದಲ್ಲಿ ಸೆಂಟ್ಸ್ ಇದೆ, ನಕ್ಷೆ ಬರೆಯುವ ಕ್ರಮವೂ ಬೇರೆ. ರಾಜ್ಯ ಏಕೀಕರಣವಾಗಿ ಇಷ್ಟು ವರ್ಷಗಳಾದರೂ ಭೂದಾಖಲೆಗಳ ಕಪಾಟುಗಳಲ್ಲಿ ಆ ಹಳೆಯ ಗಡಿಗಳು ಉಳಿದುಕೊಂಡಿವೆ. ಒಂದು ಭಾಗದಲ್ಲಿ ನುರಿತವನು ವರ್ಗವಾಗಿ ಇನ್ನೊಂದು ಭಾಗಕ್ಕೆ ಹೋದರೆ ಅವನೂ ಮೊದಲಿನಿಂದ ಕಲಿಯಬೇಕು. ಮೋಡಿ ಓದಬಲ್ಲ ನೌಕರರು ಒಬ್ಬೊಬ್ಬರಾಗಿ ನಿವೃತ್ತರಾದ ಹಾಗೆಲ್ಲ ಆ ಪುಸ್ತಕಗಳನ್ನು ತೆರೆಯುವ ಕೈಗಳೂ ಕಡಿಮೆಯಾಗುತ್ತ ಬಂದಿವೆ.

ದಾಖಲೆ ಓದುವುದು ಅರ್ಧ ಕೆಲಸ. ಉಳಿದರ್ಧ ನೆಲದ ಮೇಲಿದೆ. ನಾನು ಸೇವೆಗೆ ಸೇರಿದ ಹೊಸತರಲ್ಲಿ ನನ್ನ ಪರ್ಯವೇಕ್ಷಕರು ಹದ್ದುಬಸ್ತಿಗೆ, ಅಂದರೆ ಜಮೀನಿನ ಗಡಿ ಅಳೆದು ಗುರುತಿಸುವ ಕೆಲಸಕ್ಕೆ, ಕರೆದುಕೊಂಡು ಹೋದಾಗ, ಅರ್ಜಿದಾರ ತೋರಿಸಿದ ಬದುವಿನಿಂದ ಅಳತೆ ಶುರುಮಾಡಲು ಬಿಡಲೇ ಇಲ್ಲ. ತಂಟೆಯಿರುವ ಕಡೆಯಿಂದ ಎಂದೂ ಆರಂಭಿಸಬಾರದು, ತಂಟೆಯಿಲ್ಲದ ಕಲ್ಲಿನಿಂದ ಹೊರಟು ತಂಟೆಯಿರುವಲ್ಲಿಗೆ ಬರಬೇಕು ಎಂಬುದು ಅವರ ಕಟ್ಟುನಿಟ್ಟು. ಮೂರು ಗ್ರಾಮಗಳ ಗಡಿ ಸೇರುವ ಕಲ್ಲು ಎಲ್ಲಿದೆಯೆಂದು ದಾಖಲೆ ಹೇಳುತ್ತದೆ, ಆದರೆ ಅಲ್ಲಿ ಹೋಗಿ ನಿಂತರೆ ಕೆರೆಯಂಗಳದ ಹೂಳು ಮಾತ್ರ ಕಾಣುತ್ತಿತ್ತು. ಅವರು ದನ ಮೇಯಿಸುತ್ತಿದ್ದ ಒಬ್ಬ ಅಜ್ಜನನ್ನು ಮಾತಾಡಿಸಿದರು, ಕೋಡಿಯ ಬಂಡೆಯಿಂದ ಅಳತೆ ಹಿಡಿದರು, ಸರಪಳಿ ಹಿಡಿಯುವ ಬಾಂದು ಜವಾನನಿಂದ ಅಗೆಸಿದರು. ಕಲ್ಲು ಸಿಕ್ಕಿತು. ಮುಂದಿನವರು ಮತ್ತೆ ಅಗೆಯುವ ಅಗತ್ಯ ಬೀಳದಿರಲೆಂದು ಆ ಕಲ್ಲಿಗೆ ಬಂಡೆಯಿಂದ ಎಷ್ಟು ದೂರ, ಹಳೆಯ ಹುಣಿಸೆ ಮರದಿಂದ ಎಷ್ಟು ದೂರ ಎಂದು ನನ್ನ ಕೈಯಿಂದಲೇ ನೋಟುಪುಸ್ತಕದಲ್ಲಿ ಬರೆಸಿದರು. ಇಳಿಜಾರಿನಲ್ಲಿ ಸರಪಳಿಯನ್ನು ನೆಲಕ್ಕೆ ತಾಗಿಸಿ ಎಳೆದರೆ ಅಳತೆ ಹೆಚ್ಚು ಬರುತ್ತದೆ, ಮೆಟ್ಟಿಲುಮೆಟ್ಟಿಲಾಗಿ ಮಟ್ಟಸ ಹಿಡಿದು ಅಳೆಯಬೇಕು ಎಂಬುದನ್ನೂ, ಬಳಸಿ ಬಳಸಿ ಸರಪಳಿಯ ಕೊಂಡಿಗಳು ಹಿಗ್ಗುವುದರಿಂದ ಕೆಲಸಕ್ಕೆ ಹೊರಡುವ ಮುನ್ನ ಅದರ ಉದ್ದವನ್ನು ಪರೀಕ್ಷಿಸಬೇಕು ಎಂಬುದನ್ನೂ, ಹಳ್ಳ, ಬಂಡಿದಾರಿ, ಸ್ಮಶಾನಗಳಂಥ ಬಿ-ಖರಾಬನ್ನು, ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ ಸಾಗುವಳಿಯಾಗದ ಜಾಗವನ್ನು, ಹಿಡುವಳಿಯೊಳಗೆ ಸೇರಿಸಿ ತೋರಿಸಲು ಬರುವ ಒತ್ತಡವನ್ನು ಹೇಗೆ ನಿಭಾಯಿಸಬೇಕು ಎಂಬುದನ್ನೂ ನಾನು ಅವರ ಜೊತೆ ಹೊಲದಲ್ಲಿ ನಿಂತೇ ಕಲಿತೆ. ತರಬೇತಿ ಕೇಂದ್ರದಲ್ಲಿ ಕಲಿತದ್ದು ಉಪಯೋಗಕ್ಕೆ ಬರಲಿಲ್ಲವೆಂದಲ್ಲ. ಅಲ್ಲಿ ಕಲಿತ ರೇಖಾಗಣಿತಕ್ಕೆ ಜೀವ ಬಂದದ್ದು ಮಾತ್ರ ಇಲ್ಲಿ.

ಅವರು ನಿವೃತ್ತರಾಗುವಾಗ ತಮ್ಮ ನೋಟುಪುಸ್ತಕಗಳನ್ನು ನನಗೆ ಕೊಟ್ಟುಹೋದರು. ಅವುಗಳಿಗೆ ನನ್ನವೂ ಸೇರಿದವು. ನಾನು ನಿವೃತ್ತನಾಗುವಾಗ ಅವನ್ನು ಪ್ರಭಾರ ಪಟ್ಟಿಯಲ್ಲಿ ಸೇರಿಸಿ ಕೊಡಲು ಹೋದೆ. ಅವು ಇಲಾಖೆಯ ಅಧಿಕೃತ ದಾಖಲೆಗಳಲ್ಲ, ಪಟ್ಟಿಯಲ್ಲಿ ಸೇರಿಸಿದರೆ ಮುಂದೆ ಲೆಕ್ಕ ಒಪ್ಪಿಸುವ ತೊಂದರೆ, ಆದ್ದರಿಂದ ಮನೆಗೆ ತೆಗೆದುಕೊಂಡು ಹೋಗಿ ಎಂದರು. ಹೇಳಿದವರ ಮೇಲೆ ನನಗೆ ಸಿಟ್ಟಿಲ್ಲ, ನಿಯಮದ ಪ್ರಕಾರ ಅವರ ಮಾತು ಸರಿ. ಒಂದು ತಾಲ್ಲೂಕಿನಲ್ಲಿ ಪತ್ತೆಯಾದ ಮೂಲ ಕಲ್ಲುಗಳ ವಿವರ ಸರ್ಕಾರದ್ದಲ್ಲ, ಹಳೆಯ ಕುರ್ಚಿ ಮಾತ್ರ ಸರ್ಕಾರದ್ದು ಎಂದು ಹೇಳುವ ನಿಯಮ ಬದಲಾಗಬೇಕು ಎಂಬುದಷ್ಟೇ ನನ್ನ ವಾದ.

ಈಗ ಉಪಗ್ರಹ ಸಂಕೇತಗಳಿಂದ ಅಳೆಯುವ ರೋವರ್ ಯಂತ್ರಗಳು ಬಂದಿವೆ, ಹಳೆಯ ದಾಖಲೆಗಳೆಲ್ಲ ಸ್ಕ್ಯಾನ್ ಆಗುತ್ತಿವೆ, ಇನ್ನು ಹಳಬರ ನೆನಪಿನ ಹಂಗೇಕೆ ಎಂಬ ಮಾತು ಕೇಳಿಬರುತ್ತದೆ. ರೋವರನ್ನು ನಾನು ಬಳಸಿದ್ದೇನೆ, ಅದು ನಿಜವಾಗಿಯೂ ಒಳ್ಳೆಯ ಉಪಕರಣ. ನಿಂತ ಜಾಗ ಭೂಮಿಯ ಮೇಲೆ ಎಲ್ಲಿದೆ ಎಂಬುದನ್ನು ಅದು ಕೆಲವೇ ಸೆಂಟಿಮೀಟರುಗಳ ಒಳಗೆ ಹೇಳಬಲ್ಲದು. ಬಿಸಿಲಿನಲ್ಲಿ ಸರಪಳಿ ಎಳೆಯುವ ಶ್ರಮ ತಪ್ಪಿದ್ದಕ್ಕೆ ಸಂತೋಷಪಡದ ಭೂಮಾಪಕನಿಲ್ಲ. ಆದರೆ ಎಲ್ಲಿ ನಿಲ್ಲಬೇಕು ಎಂಬುದನ್ನು ಆ ಯಂತ್ರ ಹೇಳುವುದಿಲ್ಲ. ಗಡಿ ಯಾವ ಬಿಂದುವಿನಲ್ಲಿದೆ ಎಂಬುದನ್ನು ಮೂಲ ಟಿಪ್ಪಣಿ, ಜಮೀನು ಪಾಲಾದಾಗ ಬರೆದ ಹಿಸ್ಸಾ ಟಿಪ್ಪಣಿ, ವಿಸ್ತೀರ್ಣ ಮತ್ತು ಕಂದಾಯ ಬರೆದಿಡುವ ಆಕಾರ್‌ಬಂದ್, ಗ್ರಾಮ ನಕಾಶೆ ಇವುಗಳನ್ನೆಲ್ಲ ತಾಳೆ ನೋಡಿ, ನೆಲದ ಮೇಲಿನ ಕಲ್ಲುಗಳೊಂದಿಗೆ ಹೊಂದಿಸಿ ಮನುಷ್ಯನೇ ನಿರ್ಧರಿಸಬೇಕು. ತಪ್ಪು ಬದುವಿನ ಮೇಲೆ ಯಂತ್ರವನ್ನು ಊರಿದರೆ ಆ ತಪ್ಪೇ ಸೆಂಟಿಮೀಟರಿನ ನಿಖರತೆಯೊಂದಿಗೆ ಕಂಪ್ಯೂಟರಿಗೆ ಸೇರುತ್ತದೆ. ಹಿಂದಿನ ತಪ್ಪು ಕಾಗದದಲ್ಲಿ ಅನುಮಾನಕ್ಕೆ ಎಡೆಯಿಟ್ಟು ಉಳಿಯುತ್ತಿತ್ತು. ಈಗಿನದು ಅಕ್ಷಾಂಶ ರೇಖಾಂಶಗಳ ಸಮೇತ ಸತ್ಯದ ರೂಪದಲ್ಲಿ ನಿಲ್ಲುತ್ತದೆ, ಅದನ್ನು ಅಲ್ಲಗಳೆಯಲು ರೈತನಿಗೆ ಹೆಚ್ಚು ಕಷ್ಟ. ಹಾಗೆಯೇ, ಸ್ಕ್ಯಾನ್ ಆದ ಟಿಪ್ಪಣಿ ಹರಿಯುವುದಿಲ್ಲ, ಕಳೆಯುವುದಿಲ್ಲ, ಇದು ದೊಡ್ಡ ಲಾಭವೇ. ಆದರೆ ಓದಲು ಬಾರದವನಿಗೆ ಪರದೆಯ ಮೇಲಿನ ಟಿಪ್ಪಣಿಯೂ ಕಾಗದದ ಟಿಪ್ಪಣಿಯೂ ಒಂದೇ. ಹೊಸ ಯಂತ್ರ ಬಂದಿರುವ ಈ ವರ್ಷಗಳಲ್ಲೇ ಹಳೆಯ ದಾಖಲೆ ಬಲ್ಲವರು ಮತ್ತು ಹೊಸ ಉಪಕರಣ ಬಲ್ಲವರು ಜೊತೆಯಾಗಿ ಹೊಲದಲ್ಲಿ ನಿಲ್ಲಬೇಕಾದ ಅಗತ್ಯ ಹಿಂದೆಂದಿಗಿಂತ ಹೆಚ್ಚಾಗಿದೆ. ಈ ಅವಧಿ ಕಳೆದುಹೋದರೆ ಅವರಿಬ್ಬರನ್ನು ಮತ್ತೆ ಒಂದೆಡೆ ಸೇರಿಸಲು ಆಗುವುದಿಲ್ಲ.

ನಮ್ಮ ಕಂದಾಯ ಆಡಳಿತ ಇಂಥ ಒಂದು ಸಂದರ್ಭವನ್ನು ಹಿಂದೆ ಒಮ್ಮೆ ಕಂಡಿದೆ. ಶಾನುಭೋಗಿಕೆ, ಪಟೇಲಿಕೆ ಮುಂತಾದ ವಂಶಪಾರಂಪರ್ಯ ಹುದ್ದೆಗಳನ್ನು 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯ್ದೆ ಕೊನೆಗಾಣಿಸಿತು, 1963ರಲ್ಲಿ ಅದು ಜಾರಿಗೆ ಬಂತು. ಶಾನುಭೋಗರ ಮನೆಯಲ್ಲಿ ಲೆಕ್ಕದ ಪುಸ್ತಕಗಳು ತಂದೆಯಿಂದ ಮಗನಿಗೆ ಬರುತ್ತಿದ್ದವು, ಅವನ್ನು ಓದುವ ವಿದ್ಯೆಯೂ ಊಟದ ಹೊತ್ತಿನ ಮಾತಿನಲ್ಲಿ, ಜಮಾಬಂದಿಯ ಓಡಾಟದಲ್ಲಿ ತಾನಾಗಿ ಬರುತ್ತಿತ್ತು. ಆ ವ್ಯವಸ್ಥೆ ಹೋದದ್ದು ಸರಿಯೇ ಎಂಬುದು ನನ್ನ ದೃಢ ಅಭಿಪ್ರಾಯ. ಊರಿನ ಭೂಮಿಯ ಗುಟ್ಟು ಒಂದೆರಡು ಜಾತಿಯ ಮನೆಗಳೊಳಗೆ ಉಳಿದು, ಉಳಿದವರೆಲ್ಲ ಆ ಜಗಲಿಯ ಮುಂದೆ ಕೈಕಟ್ಟಿ ನಿಲ್ಲಬೇಕಾದ ಕಾಲವನ್ನು ಯಾರೂ ಮತ್ತೆ ಬಯಸಬಾರದು. ನನ್ನಂಥವನು ಭೂಮಾಪಕನಾಗಲು ಸಾಧ್ಯವಾದದ್ದೂ ಆ ಬಾಗಿಲು ತೆರೆದದ್ದರಿಂದಲೇ. ಆದರೆ ಮನೆಯೊಳಗೆ ನಡೆಯುತ್ತಿದ್ದ ಕಲಿಕೆಗೆ ಬದಲಾಗಿ ಕಚೇರಿಯೊಳಗೆ ನಡೆಯುವ ಕಲಿಕೆಯನ್ನು ಕಟ್ಟುವ ಹೊಣೆ ಸರ್ಕಾರದ ಮೇಲೆ ಅಂದೇ ಬಿದ್ದಿತ್ತು. ಅದನ್ನು ಯಾವ ಸರ್ಕಾರವೂ ಪೂರ್ತಿಯಾಗಿ ನೆರವೇರಿಸಲಿಲ್ಲ. ಒಳ್ಳೆಯ ಪರ್ಯವೇಕ್ಷಕ ಸಿಕ್ಕವನು ಕಲಿತ, ಸಿಗದವನು ತಪ್ಪುಮಾಡುತ್ತ ಕಲಿತ. ಹಾಗೆ ಆದ ತಪ್ಪುಗಳ ಖರ್ಚನ್ನು ಜನ ಭರಿಸಿದರು.

ಮುಂಚಿತವಾಗಿ ಉತ್ತರಾಧಿಕಾರಿಯನ್ನು ಏಕೆ ನೇಮಿಸುವುದಿಲ್ಲವೆಂದು ನಾನು ಸೇವೆಯಲ್ಲಿದ್ದಾಗಲೇ ಮೇಲಧಿಕಾರಿಗಳನ್ನು ಕೇಳಿದ್ದೆ. ಸಿಗುವ ಉತ್ತರ ಒಂದೇ: ಮಂಜೂರಾದ ಒಂದು ಹುದ್ದೆಗೆ ಒಂದೇ ಕಾಲದಲ್ಲಿ ಇಬ್ಬರಿಗೆ ಸಂಬಳ ಸೆಳೆಯಲು ಬರುವುದಿಲ್ಲ, ಹುದ್ದೆ ಖಾಲಿಯಾದ ಮೇಲೆಯೇ ಅದನ್ನು ಭರ್ತಿ ಮಾಡುವ ಮಾತು. ಆಮೇಲೆ ಆರ್ಥಿಕ ಇಲಾಖೆಯ ಒಪ್ಪಿಗೆ, ಅಧಿಸೂಚನೆ, ಪರೀಕ್ಷೆ, ಆಯ್ಕೆ ಪಟ್ಟಿ, ಅದರ ಮೇಲೊಂದು ತಕರಾರು ಎಂದು ವರ್ಷಗಳು ಉರುಳುತ್ತವೆ. ಕೊನೆಗೊಮ್ಮೆ ಹೊಸಬ ಬರುವಾಗ ಕಲಿಸಬೇಕಾದವನು ಊರು ಸೇರಿ ಮೊಮ್ಮಕ್ಕಳನ್ನು ಆಡಿಸುತ್ತಿರುತ್ತಾನೆ. ಖಾಲಿ ಬಿದ್ದ ಅಷ್ಟು ವರ್ಷ ಉಳಿಯುವ ಸಂಬಳದ ಒಂದು ಸಣ್ಣ ಪಾಲು ಸಾಕು, ಇಬ್ಬರೂ ಕೆಲವು ತಿಂಗಳು ಒಟ್ಟಿಗೆ ಕೆಲಸ ಮಾಡಲು. 2008ರಲ್ಲಿ ನಿವೃತ್ತಿಯ ವಯಸ್ಸನ್ನು 58ರಿಂದ 60ಕ್ಕೆ ಏರಿಸಿದಾಗ ನಮಗೆ ಎರಡು ವರ್ಷ ಹೆಚ್ಚು ಸಿಕ್ಕಿತು. ಆ ಎರಡು ವರ್ಷಗಳಲ್ಲಿ ಕೊನೆಯ ಕೆಲವು ತಿಂಗಳನ್ನಾದರೂ ಕಲಿಸುವುದಕ್ಕೆಂದು ಮೀಸಲಿಟ್ಟಿದ್ದರೆ ಇಷ್ಟು ಹೊತ್ತಿಗೆ ಒಂದು ಇಡೀ ತಲೆಮಾರು ಸಿದ್ಧವಾಗಿರುತ್ತಿತ್ತು.

ಕೊನೆಯ ತಿಂಗಳುಗಳು ಈಗ ಹೇಗೆ ಕಳೆಯುತ್ತವೆ ಎಂಬುದನ್ನೂ ಹೇಳಬೇಕು. ಪಿಂಚಣಿ ಕಾಗದಗಳು ಮಹಾಲೇಖಪಾಲರ ಕಚೇರಿಗೆ ಹೋಗಬೇಕು, ಸೇವಾ ಪುಸ್ತಕದಲ್ಲಿ ಎಂದೋ ಬಿಟ್ಟುಹೋದ ನಮೂದುಗಳಿಗಾಗಿ ಹಿಂದೆ ಕೆಲಸ ಮಾಡಿದ ತಾಲ್ಲೂಕುಗಳಿಗೆಲ್ಲ ಅಲೆಯಬೇಕು, ಬಾಕಿಯಿಲ್ಲವೆಂಬ ಬೇಬಾಕಿ ಪತ್ರ ಪಡೆಯಬೇಕು, ಹಳೆಯ ಲೆಕ್ಕ ತಪಾಸಣೆಯ ಆಕ್ಷೇಪಣೆಗಳಿಗೆ ಉತ್ತರ ಕೊಡಬೇಕು. ಇದರ ನಡುವೆ ತಿಂಗಳ ಗುರಿ ಹಾಗೆಯೇ ಇರುತ್ತದೆ, ಹದ್ದುಬಸ್ತು ಇಷ್ಟು, ಜಮೀನು ಭಾಗ ಮಾಡುವ ಪೋಡಿ ಇಷ್ಟು, ಜಮೀನಿನ ಒಂದು ಭಾಗ ಮಾರುವ ಮುನ್ನ ಬೇಕಾಗುವ 11ಇ ನಕ್ಷೆ ಇಷ್ಟು ಎಂದು ಅಳತೆ ಅರ್ಜಿಗಳ ಮೋಜಿಣಿ ತಂತ್ರಾಂಶ ಲೆಕ್ಕ ಕೇಳುತ್ತದೆ. ಹೋಗುವವನಿಂದ ಕೊನೆಯ ದಿನದವರೆಗೆ ಕಡತ ತೀರಿಸಿಕೊಳ್ಳುವುದು ಮೇಲಧಿಕಾರಿಗಳಿಗೆ ಲಾಭವೆಂದು ಕಾಣಬಹುದು. ಆದರೆ ಅದೇ ಮನುಷ್ಯ ಆ ಕಡತಗಳನ್ನು ಒಬ್ಬ ಹೊಸಬನ ಜೊತೆ ಕೂತು ತೀರಿಸಿದ್ದರೆ, ತಾಲ್ಲೂಕಿಗೆ ಮುಂದಿನ ಮೂವತ್ತು ವರ್ಷಕ್ಕೆ ಒಬ್ಬ ಬಲ್ಲವನು ಸಿಕ್ಕಿರುತ್ತಿದ್ದ.

ನಮ್ಮ ಕಡೆಯ ಲೋಪವನ್ನು ಮುಚ್ಚಿಟ್ಟು ಸರ್ಕಾರವನ್ನು ಮಾತ್ರ ದೂರುವುದು ನ್ಯಾಯವಲ್ಲ. ಗೊತ್ತಿದ್ದದ್ದನ್ನು ಹೇಳಿಕೊಟ್ಟರೆ ತನ್ನ ಬೆಲೆ ಕಡಿಮೆಯಾಗುತ್ತದೆ ಎಂದು ನಂಬಿದವರು ನಮ್ಮಲ್ಲಿ ಇದ್ದರು, ಈಗಲೂ ಇದ್ದಾರೆ. ಯಾವ ಗಂಟಿನಲ್ಲಿ ಯಾವ ಊರಿನ ಅಳತೆ ವಿವರದ ಪಕ್ಕಾ ಪುಸ್ತಕ ಇದೆಯೆಂಬುದು ತನಗೊಬ್ಬನಿಗೇ ತಿಳಿದಿರಬೇಕೆಂದು ಬಯಸಿ, ನಿವೃತ್ತಿಯ ನಂತರ ಕಚೇರಿಯ ಎದುರಿನ ಅಂಗಡಿಯಲ್ಲಿ ಕೂತು ಅದೇ ತಿಳಿವಳಿಕೆಯನ್ನು ಹಣಕ್ಕೆ ಮಾರುವವರನ್ನೂ ಕಂಡಿದ್ದೇನೆ. ಜನರ ತೆರಿಗೆಯ ಸಂಬಳದಲ್ಲಿ ಗಳಿಸಿದ ವಿದ್ಯೆ ಅದು, ಅದರ ಮೇಲೆ ಯಾರಿಗೂ ಖಾಸಗಿ ಹಕ್ಕಿಲ್ಲ. ಮತ್ತೊಂದು ಕಡೆ, ಹೊಸದಾಗಿ ಬಂದ ಹುಡುಗ ಹುಡುಗಿಯರಿಗೆ ಕಲಿಯುವ ಆಸೆಯಿಲ್ಲ ಎಂದು ನಮ್ಮ ವಯಸ್ಸಿನವರು ಹೇಳುವುದನ್ನು ನಾನು ಒಪ್ಪುವುದಿಲ್ಲ. ನನ್ನ ಜೊತೆ ಹೊಲಕ್ಕೆ ಬಂದ ಯುವ ಭೂಮಾಪಕರು, ಅವರಲ್ಲಿ ಹೆಣ್ಣುಮಕ್ಕಳೂ ಇದ್ದರು, ಮುಳ್ಳುಬೇಲಿ ದಾಟಿ ಬಂದು ಒಂದೊಂದು ಅಂಕಿಗೂ ಕಾರಣ ಕೇಳಿದವರು. ಅವರಿಗೆ ಸಿಗದೆ ಹೋದದ್ದು ಸಮಯ. ಸೇರಿದ ತಿಂಗಳಲ್ಲೇ ಅವರ ಹೆಸರಿಗೆ ನೂರಾರು ಅರ್ಜಿಗಳನ್ನು ಹಂಚಿದರೆ ಅವರಾದರೂ ಯಾವಾಗ ಕಲಿಯಬೇಕು?

ಬಾಂದು ಜವಾನರ ಬಗ್ಗೆ ಪ್ರತ್ಯೇಕವಾಗಿ ಹೇಳದಿದ್ದರೆ ಈ ಪತ್ರ ಅಪೂರ್ಣವಾಗುತ್ತದೆ. ಸರಪಳಿ ಹಿಡಿದು, ಬಾವುಟ ನೆಟ್ಟು, ಕಲ್ಲು ಅಗೆದು ತೋರಿಸುವ ಈ ನೌಕರರಿಗೆ ಕಚೇರಿಯ ಪಟ್ಟಿಯಲ್ಲಿ ಕೊನೆಯ ಸ್ಥಾನ. ಆದರೆ ಅಧಿಕಾರಿಗಳು, ಭೂಮಾಪಕರು ವರ್ಗವಾಗಿ ಹೋಗುತ್ತ ಬರುತ್ತ ಇದ್ದಾಗ ಅದೇ ತಾಲ್ಲೂಕಿನಲ್ಲಿ ಇಡೀ ಸೇವಾವಧಿ ಕಳೆದು, ಯಾವ ಗ್ರಾಮದ ಗಡಿಕಲ್ಲು ಯಾವ ಬೇಲಿಯೊಳಗಿದೆ ಎಂಬುದನ್ನು ಕಾಲಿನಿಂದ ಅರಿತವರು ಅವರು. ಅವರು ನಿವೃತ್ತರಾದಾಗ ಪ್ರಭಾರ ಪಟ್ಟಿಯೂ ಇರುವುದಿಲ್ಲ, ಏಕೆಂದರೆ ಅವರ ವಶದಲ್ಲಿ ಕಾಗದಗಳಿರಲಿಲ್ಲ. ಅವರಲ್ಲಿ ಹಲವರಿಗೆ ಬರೆಯಲು ಬರುತ್ತಿರಲಿಲ್ಲ, ಯಾರಾದರೂ ಕೂತು ಕೇಳಿ ಬರೆದುಕೊಳ್ಳಬೇಕಿತ್ತು. ಯಾರೂ ಬರೆದುಕೊಳ್ಳಲಿಲ್ಲ. ನನ್ನ ದೃಷ್ಟಿಯಲ್ಲಿ ಇಲಾಖೆಗೆ ಆಗಿರುವ ಅತಿ ದೊಡ್ಡ ನಷ್ಟ ಇದೇ.

ಆದ್ದರಿಂದ ಕಂದಾಯ ಸಚಿವರಲ್ಲಿ ಮತ್ತು ಭೂಮಾಪನ ಇಲಾಖೆಯ ಆಯುಕ್ತರಲ್ಲಿ ನನ್ನ ವಿನಂತಿ ಹೀಗಿದೆ. ನಿವೃತ್ತಿಗೆ ಕನಿಷ್ಠ ಆರು ತಿಂಗಳು ಇರುವಾಗಲೇ ಆ ತಾಲ್ಲೂಕಿಗೆ ಮುಂದಿನವರನ್ನು ಸಂಖ್ಯಾತಿರಿಕ್ತ, ಅಂದರೆ ಮಂಜೂರಾದ ಸಂಖ್ಯೆಗೆ ಮೀರಿದ ತಾತ್ಕಾಲಿಕ ಹುದ್ದೆಯ ಮೇಲೆ ನೇಮಿಸಲು ಅವಕಾಶ ಮಾಡಿಕೊಡಬೇಕು. ಹೊಸ ನೇಮಕಾತಿ ತಡವಾಗುವುದಾದರೆ, ಈಗಿರುವವರಲ್ಲಿ ಒಬ್ಬರನ್ನು ಹೆಸರು ಹಿಡಿದು ಗೊತ್ತುಪಡಿಸಿ ಅವರ ಅರ್ಜಿಗಳ ಗುರಿಯನ್ನು ಆ ಅವಧಿಗೆ ಅರ್ಧಕ್ಕೆ ಇಳಿಸಿದರೂ ಸಾಕು. ಈ ಆರು ತಿಂಗಳಲ್ಲಿ ನಿವೃತ್ತರಾಗುವವರಿಗೆ ಹೊಸ ಅರ್ಜಿಗಳನ್ನು ಹಂಚದೆ, ಬಾಕಿಯಿರುವ ಕಷ್ಟದ ಪ್ರಕರಣಗಳನ್ನು ಮಾತ್ರ ಇಬ್ಬರೂ ಸೇರಿ ಮಾಡಲು ಬಿಡಬೇಕು. ಬಗರ್‌ಹುಕುಂ, ದರಖಾಸ್ತು ಎಂಬ ಸರ್ಕಾರಿ ಜಮೀನಿನ ಮಂಜೂರಾತಿಗಳಾಗಿ, ಪ್ರತ್ಯೇಕ ನಂಬರು ಸಿಗದೆ ಪೈಕಿ ನಂಬರುಗಳಲ್ಲೇ ಉಳಿದಿರುವ, ಮಂಜೂರಾದ ಒಟ್ಟು ವಿಸ್ತೀರ್ಣ ಆಕಾರ್‌ಬಂದಿಗೆ ತಾಳೆಯಾಗದ ಸರ್ವೆ ನಂಬರುಗಳು ಪ್ರತಿ ತಾಲ್ಲೂಕಿನಲ್ಲಿಯೂ ಇವೆ. ಕಲಿಸುವುದಕ್ಕೆ ಅವುಗಳಿಗಿಂತ ಒಳ್ಳೆಯ ಪಾಠವಿಲ್ಲ, ಏಕೆಂದರೆ ದಾಖಲೆಯ ಎಲ್ಲ ಪದರಗಳೂ ಅಲ್ಲಿ ಒಟ್ಟಿಗೆ ಎದುರಾಗುತ್ತವೆ. ಗ್ರಾಮವಾರು ಒಂದೊಂದು ಪುಸ್ತಕ ಇಟ್ಟು, ಪತ್ತೆಯಾದ ಮೂಲ ಕಲ್ಲುಗಳು, ಅವುಗಳಿಗೆ ಆಧಾರವಾದ ಗುರುತುಗಳು, ನ್ಯಾಯಾಲಯ ತೀರ್ಮಾನಿಸಿದ ಗಡಿಗಳು, ಪರಿಷ್ಕರಣೆಯಲ್ಲಿ ಬದಲಾದ ಹಳೆಯ ಹೊಸ ನಂಬರುಗಳು ಇವನ್ನು ಬರೆದು, ರೋವರಿನಿಂದ ಆ ಕಲ್ಲುಗಳ ಸ್ಥಾನವನ್ನೂ ದಾಖಲಿಸಿ, ಆ ಪುಸ್ತಕಕ್ಕೆ ಅಧಿಕೃತ ದಾಖಲೆಯ ಮಾನ್ಯತೆ ಕೊಡಬೇಕು. ಬೇಬಾಕಿ ಪತ್ರದ ಜೊತೆಗೆ ಈ ಪುಸ್ತಕವನ್ನು ಒಪ್ಪಿಸಿದ ದೃಢೀಕರಣವೂ ಇರಬೇಕೆಂದು ವಿಧಿಸಿದರೆ, ವಿದ್ಯೆ ಬಚ್ಚಿಡುವವರಿಗೂ ಬೇರೆ ದಾರಿ ಉಳಿಯುವುದಿಲ್ಲ. ಈಗ ಬಹುಪಾಲು 11ಇ ನಕ್ಷೆಗಳನ್ನು ತಯಾರಿಸುತ್ತಿರುವ ಪರವಾನಗಿ ಭೂಮಾಪಕರನ್ನೂ ಈ ಕಲಿಕೆಗೆ ಸೇರಿಸಿಕೊಳ್ಳಬೇಕು. ಅವರು ಸರ್ಕಾರಿ ನೌಕರರಲ್ಲವೆಂಬ ಕಾರಣಕ್ಕೆ ಹೊರಗಿಟ್ಟರೆ ತಪ್ಪುಗಳು ಆ ಕಡೆಯಿಂದ ಒಳಗೆ ಬರುತ್ತವೆ.

ಇದಕ್ಕೆ ದೊಡ್ಡ ಯೋಜನೆಯ ಘೋಷಣೆಯೇನೂ ಬೇಕಿಲ್ಲ. ಮುಂದಿನ ಮೇ 31ಕ್ಕೆ ಯಾವ ತಾಲ್ಲೂಕಿನಲ್ಲಿ ಯಾರು ನಿವೃತ್ತರಾಗುತ್ತಾರೆ ಎಂಬ ಪಟ್ಟಿ ನೌಕರರ ಸೇವಾ ವಿವರಗಳಿರುವ ಸರ್ಕಾರದ ಎಚ್‌ಆರ್‌ಎಂಎಸ್ ತಂತ್ರಾಂಶದಲ್ಲಿ ಈ ಕ್ಷಣವೇ ಸಿಗುತ್ತದೆ. ಒಂದೇ ಒಂದು ಜಿಲ್ಲೆಯನ್ನು ಆರಿಸಿಕೊಂಡು ಈ ವರ್ಷ ಪ್ರಯೋಗ ಮಾಡಿ ನೋಡಬಹುದು. ಈಗಾಗಲೇ ನಿವೃತ್ತರಾಗಿರುವ ನಮ್ಮಲ್ಲಿ ಹಲವರು, ನನ್ನನ್ನೂ ಸೇರಿಸಿ, ವಾರಕ್ಕೆ ಎರಡು ದಿನ ಸಂಭಾವನೆಯಿಲ್ಲದೆ ಬಂದು ಟಿಪ್ಪಣಿ ಓದುವುದನ್ನು ಹೇಳಿಕೊಡಲು, ಕಾಲು ಗಟ್ಟಿಯಿರುವವರೆಗೆ ಹೊಲಕ್ಕೂ ಜೊತೆಗೆ ಬರಲು ಸಿದ್ಧರಿದ್ದೇವೆ. ನಮಗೆ ಬೇಕಾದದ್ದು ಆಯುಕ್ತರ ಒಂದು ಲಿಖಿತ ಆದೇಶ. ನಿವೃತ್ತಿಯ ಮರುದಿನದಿಂದ ನಾವು ಕಚೇರಿಗೆ ಹೊರಗಿನವರಾಗುವುದರಿಂದ ಅದಿಲ್ಲದೆ ದಾಖಲೆ ಕೊಠಡಿಯೊಳಗೆ ಹೋಗಲು ನಮಗೆ ಅವಕಾಶವಿಲ್ಲ, ಇರಲೂ ಬಾರದು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಭೂಮಾಪನ ಪರ್ಯವೇಕ್ಷಕ